ಹಳ್ಳ ಬಂದಾಗಿನ ದಾರಿ

ಮಲಪ್ರಭೆಗೆ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಚಹಾದಂಗಡಿಗಳಿಗೆ ಬೇಗ ಮುಟ್ಟುತ್ತದೆ. ಕಾರಿನೊಳಗೆ ಹೊಳೆಯುವ ದಾರಿತೋರುಕದ ಪರದೆಗೆ ಬಹಳ ಸಲ ಮುಟ್ಟುವುದೇ ಇಲ್ಲ. ಹೊಳೆಯಾಚೆಯ ಊರಿಗೆ ಯಾವ ದಾರಿ ಹತ್ತಿರ ಎಂದು ಕೇಳಿದರೆ ಪರದೆ ತಗ್ಗುಸೇತುವೆಯ ಮೇಲೆ ನೀಲಿ ಗೆರೆ ಎಳೆಯುತ್ತದೆ. ಸೇತುವೆ ನೀರೊಳಗೆ ಹೋದರೂ ಗೆರೆ ಅಲ್ಲೇ ಇರುತ್ತದೆ. 2009ರಲ್ಲೊಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ಈ ಹೊಳೆ ದಂಡೆ ಮೀರಿ ಬಂತು; ಎರಡನೆಯ ಸಲ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತು. ಅಷ್ಟು ದೊಡ್ಡ ನೆರೆಯ ಸುದ್ದಿ ನಾಡಿಗೆಲ್ಲ ತಿಳಿಯುತ್ತದೆ. ಆದರೆ ಒಂದು ಜೋರು ಮಳೆಗೆ ಎರಡು ತಾಸು ದಾರಿ ಕಟ್ಟಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಇಳಿದುಹೋಗುವ ಹಳ್ಳಗಳು ಬಾದಾಮಿ, ಹುನಗುಂದ ತಾಲ್ಲೂಕುಗಳಲ್ಲಿ ಎಷ್ಟೋ ಇವೆ. ಅವುಗಳ ಸುದ್ದಿ ಅವುಗಳನ್ನು ದಾಟುವವರ ಬಾಯಲ್ಲಿ ಮಾತ್ರ ಇರುತ್ತದೆ. "ಹಳ್ಳ ಬಂದೈತಿ" ಎಂಬ ಎರಡೇ ಮಾತಿನಲ್ಲಿ ಈ ಸೀಮೆಯ ಜನ ಹೇಳಿ ಮುಗಿಸುವ ಈ ಸಂಗತಿಗೆ, ಅಂಗಡಿಯಿಂದ ಕೊಂಡು ತರುವ ದಾರಿತೋರುಕದಲ್ಲಿ ಜಾಗವಿಲ್ಲ. ನನ್ನ ವಾದ ಹುಟ್ಟುವುದು ಈ ಕೊರತೆಯಿಂದಲೇ. ಕಾರಿಗೆ ದಾರಿ ತೋರಿಸುವ ಕಂಪ್ಯೂಟರನ್ನು ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳುವುದು ಗುಳೇದಗುಡ್ಡದಂಥ ಊರಿನಲ್ಲಿ ನಿಜಕ್ಕೂ ಮಾಡತಕ್ಕ ಕೆಲಸ. ಉಳಿಯುವ ಹಣ ಅದರ ಸಣ್ಣ ಲಾಭ. ನಕ್ಷೆಯನ್ನು ತಿದ್ದುವ ಅಧಿಕಾರ ದಾರಿ ತುಳಿಯುವವರ ಕೈಗೆ ಬರುವುದು ದೊಡ್ಡ ಲಾಭ.

ಯಂತ್ರ ಈಗ ಎಷ್ಟು ಅಗ್ಗವಾಗಿದೆ ಎಂಬುದನ್ನು ಮೊದಲು ನೋಡೋಣ. ಅಂಗೈಯಗಲದ ಒಂದು ಕಂಪ್ಯೂಟರ್ ಹಲಗೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಜಿಪಿಎಸ್ ಗ್ರಾಹಕ, ಏಳು ಇಂಚಿನ ಪರದೆ, ಕಾರಿನ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಪರಿವರ್ತಕ, ನಕ್ಷೆ ತುಂಬಿದ ಮೆಮೊರಿ ಕಾರ್ಡು, ಒಂದು ಸ್ಪೀಕರು: ಇಷ್ಟೇ ಸಾಮಾನು. 2012ರ ಫೆಬ್ರುವರಿ 29ರಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಹಲಗೆಯ ಬೆಲೆ ಆಗ 35 ಡಾಲರ್ ಇತ್ತು. ಅಂದಿನಿಂದ ಇಂಥ ಹಲಗೆಗಳು ಕಾಲೇಜು ಹುಡುಗರ ಮೇಜಿನ ಮೇಲಿವೆ. ಗ್ರಾಹಕವಂತೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಕೆಲಸ ಮಾತ್ರ ಅದ್ಭುತವಾದದ್ದು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಸಾರುತ್ತಲೇ ಇರುತ್ತವೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಗ್ರಾಹಕ ತಾನಿರುವ ಜಾಗವನ್ನೂ ತನ್ನ ಗಡಿಯಾರದ ತಪ್ಪನ್ನೂ ಒಟ್ಟಿಗೇ ಲೆಕ್ಕ ಹಾಕುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಬೆಳಕು ಒಂದು ಅಡಿ ಓಡುತ್ತದೆ. ಆದ್ದರಿಂದ ಆ ಗಡಿಯಾರಗಳು ಅಷ್ಟು ಕರಾರುವಾಕ್ಕಾಗಿರಬೇಕು. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯಿಂದಾಗಿ ಅಲ್ಲಿನ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ 38 ಮೈಕ್ರೋಸೆಕೆಂಡಿನಷ್ಟು ಮುಂದೆ ಓಡುತ್ತವೆ. ಇಷ್ಟನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಕೂಡಿಕೊಂಡು, ಗುಳೇದಗುಡ್ಡದ ಓಣಿಯಲ್ಲಿ ನಿಂತ ಕಾರು ಎಲ್ಲೋ ಹೊಲದ ನಡುವೆ ಇದ್ದಂತೆ ಕಾಣುತ್ತದೆ. ಜಿಪಿಎಸ್ ಸಂಕೇತಗಳಲ್ಲಿ ಅಮೆರಿಕ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿತು. ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಮೇಲೇರಿತು. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಕೆಲವು ಪರಮಾಣು ಗಡಿಯಾರಗಳು ಕೆಟ್ಟು ಅದು ಪೆಟ್ಟು ತಿಂದದ್ದು ನಿಜ. 2023ರ ಮೇನಲ್ಲಿ ಹಾರಿದ ಹೊಸ ಪೀಳಿಗೆಯ ಉಪಗ್ರಹದಲ್ಲಿ ನಮ್ಮವರೇ ಮಾಡಿದ ಗಡಿಯಾರವಿದೆ. ಇಷ್ಟು ದೊಡ್ಡ ವಿದ್ಯೆ ಆಕಾಶದಿಂದ ಬಿಡಿಗಾಸಿನ ಖರ್ಚಿಲ್ಲದೆ ಸುರಿಯುತ್ತಿದೆ. ಆದರೆ ಅದು ಸುರಿಸುವುದು ಅಂಕಿಗಳನ್ನು ಮಾತ್ರ. ಸುಮಾರು 16 ಡಿಗ್ರಿ ಉತ್ತರ, 75.8 ಡಿಗ್ರಿ ಪೂರ್ವ ಎಂದು ಸೆಕೆಂಡಿಗೊಂದು ಸಾಲು ಬರುತ್ತದೆ. ಅದು ಗುಳೇದಗುಡ್ಡ ಎಂದು ಹೇಳುವುದು ಆಕಾಶದ ಕೆಲಸವಲ್ಲ.

ಅಗ್ಗದ ಕಂಪ್ಯೂಟರ್ ಕಟ್ಟುವ ಹಂಬಲ ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಎಂಬ ಕೈಯಳತೆಯ ಯಂತ್ರ ಹೊರಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಅದರ ಹಿಂದಿದ್ದರು. 206 ಮೆಗಾಹರ್ಟ್ಸ್ ವೇಗದ ಚಿಪ್ಪು, ಲಿನಕ್ಸ್ ತಂತ್ರಾಂಶ, ಮುಟ್ಟಿ ಬರೆಯುವ ಪರದೆ, ಭಾರತೀಯ ಭಾಷೆಗಳನ್ನು ಓದಿ ಹೇಳುವ ಸೌಲಭ್ಯ: ಅಂದಿಗೆ ಇದು ಸಣ್ಣ ಸಾಧನೆಯಲ್ಲ. ಒಂದು ಹಳ್ಳಿಗೆ ಒಂದೇ ಯಂತ್ರವಿದ್ದರೂ ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡು ತೂರಿಸಿ ಅದನ್ನು ತಮ್ಮದಾಗಿ ಬಳಸಬಹುದು ಎಂಬುದು ಅವರ ಕಲ್ಪನೆ. ಇದೇ ಬಗೆಯ ಯಂತ್ರಕ್ಕೆ ಜಿಪಿಎಸ್ ಕೂಡಿಸಿ ಸೇನೆಗಾಗಿ ಸಾಥಿ ಎಂಬ ರೂಪವನ್ನೂ ಮಾಡಿದರು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಸಿಂಪ್ಯೂಟರ್ ಸುಮಾರು ಹತ್ತು ಸಾವಿರ ರೂಪಾಯಿಗೆ ಪೇಟೆಗೂ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲು ಮನೆಮನೆಗೆ ಹೊಗತೊಡಗಿತ್ತು. ಇದನ್ನು ಸೋಲು ಎಂದು ಹೇಳಿ ಮುಗಿಸುವವರಿದ್ದಾರೆ. ನನಗೆ ಕಾಣುವುದು ಬೇರೆ. ಸಿಂಪ್ಯೂಟರಿಗೆ ಲಕ್ಷಗಟ್ಟಲೆ ಮಾರಾಟವಾಗಲೇಬೇಕಾದ ಹಂಗಿತ್ತು. ಮಾರಾಟವಾಗದೆ ಬೆಲೆ ಇಳಿಯುವಂತಿರಲಿಲ್ಲ, ಬೆಲೆ ಇಳಿಯದೆ ಮಾರಾಟವಾಗುವಂತಿರಲಿಲ್ಲ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಗೆ ಆ ಹಂಗಿಲ್ಲ. ಅದು ಒಂದು ಕಾರಿನಲ್ಲಿ ಸರಿಯಾಗಿ ನಡೆದರೆ ಸಾಕು. ಬಿಡಿಭಾಗಗಳ ಬೆಲೆಯನ್ನು ಇಳಿಸುವ ಕೆಲಸವನ್ನು ಜಗತ್ತಿನ ಪೇಟೆ ಆಗಲೇ ಮಾಡಿ ಮುಗಿಸಿದೆ. ಆ ವಿಜ್ಞಾನಿಗಳು ಅಂದು ಹೆಣಗಿ ಕೂಡಿಸಿದ್ದು ಇಂದು ಬಿಡಿಸಾಮಾನಾಗಿ ಅಂಚೆಯಲ್ಲಿ ಬರುತ್ತದೆ.

ಮಗ್ಗದ ಊರಿಗೆ ಈ ಕೆಲಸ ಪರಕೀಯವೂ ಅಲ್ಲ. ಗುಳೇದಗುಡ್ಡದಲ್ಲಿ ಖಣ ಎಂಬ ಕುಪ್ಪಸದ ಬಟ್ಟೆ ನೇಯುವ ಮಗ್ಗದ ಮೇಲೆ ಡಾಬಿ ಕೂತಿರುತ್ತದೆ. ಅದರ ಕಟ್ಟಿಗೆಪಟ್ಟಿಗಳಲ್ಲಿ ಎಲ್ಲಿ ಗೂಟ ಇದೆಯೋ ಅಲ್ಲಿ ಹಾಸಿನ ಎಳೆ ಏಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಲಾಳಿ ಓಡಿದಂತೆ ಒಂದೊಂದೇ ಪಟ್ಟಿ ಸರಿದು ಸಣ್ಣ ಸಣ್ಣ ಬುಟ್ಟಾಗಳು ಮೂಡುತ್ತವೆ. ಇದೆ, ಇಲ್ಲ ಎಂಬ ಎರಡೇ ಅಕ್ಷರದ ಲಿಪಿ. ಫ್ರಾನ್ಸಿನ ಜಕಾರ್ಡನ ಮಗ್ಗದ ರಂಧ್ರಪಟ್ಟಿಗಳನ್ನು ನೋಡಿಯೇ ಬ್ಯಾಬೇಜ್ ತನ್ನ ಗಣಕಯಂತ್ರವನ್ನು ಕಲ್ಪಿಸಿದ ಎಂಬುದು ಹೆಸರಾದ ಕತೆ. ನಾನು ಹೇಳಹೊರಟದ್ದು ಅದನ್ನಲ್ಲ. ನೇಕಾರ ಹೊಸ ವಿನ್ಯಾಸ ಬೇಕಾದಾಗ ಮಗ್ಗವನ್ನು ಎಸೆಯುವುದಿಲ್ಲ, ಗೂಟಗಳನ್ನು ಬದಲಿಸುತ್ತಾನೆ. ಮಗ್ಗ ಮುರಿದರೆ ಊರ ಬಡಿಗ ರಿಪೇರಿ ಮಾಡುತ್ತಾನೆ. ಯಂತ್ರವೂ ವಿನ್ಯಾಸವೂ ಬೇರೆ ಬೇರೆಯಾಗಿರುವುದರಿಂದ ಎರಡೂ ಊರಿನ ಹಿಡಿತದಲ್ಲಿವೆ. ಕಾರು ಕಂಪನಿಗಳು ಕೂಡಿಸಿಕೊಡುವ ದಾರಿತೋರುಕಗಳಲ್ಲಿ ಹಾಗಿಲ್ಲ: ಅಲ್ಲಿ ನಕ್ಷೆ ಯಂತ್ರದೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ, ತಪ್ಪು ಕಂಡರೂ ಕೊಂಡವರು ತಿದ್ದುವಂತಿಲ್ಲ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಯಲ್ಲಿ ನಕ್ಷೆ ಒಂದು ಕಡತ, ಅಷ್ಟೆ. 2004ರಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಿಂದ ಕರ್ನಾಟಕದ ಭಾಗವನ್ನು ಇಳಿಸಿಕೊಂಡು ಕಾರ್ಡಿಗೆ ಹಾಕಿದರೆ ನ್ಯಾವಿಟ್‌ನಂಥ ಮುಕ್ತ ತಂತ್ರಾಂಶ ಅದರಲ್ಲಿ ದಾರಿ ಹುಡುಕುತ್ತದೆ. ಆ ನಕ್ಷೆಯಲ್ಲಿ ನೆರೆಗೆ ಮುಳುಗುವ ದಾರಿಗೆ ಗುರುತು ಹಾಕಬಹುದು, ಹಳ್ಳ ಹಾಯುವ ಜಾಗಕ್ಕೆ ಹಾಕಬಹುದು, ಕನ್ನಡದ ಹೆಸರಿಗೆಂದೇ ಒಂದು ಅಂಕಣವಿದೆ. ಆ ಅಂಕಣಗಳನ್ನು ತುಂಬುವವರು ಮಾತ್ರ ಬೇಕು.

ಆ ಅಂಕಣಗಳನ್ನು ತುಂಬುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇಲ್ಲಿ ನೆಲವೇ ಜಾಗ ಬದಲಿಸಿದೆ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು; ಅಲ್ಲಿಯವರಿಗಾಗಿ ನವನಗರ ಎದ್ದಿತು. ಸುತ್ತಲಿನ ಎಷ್ಟೋ ಹಳ್ಳಿಗಳು ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಗಳಿಗೆ ಹೋದವು, ಹೋಗುವಾಗ ಹೆಸರನ್ನೂ ಹೊತ್ತುಕೊಂಡು ಹೋದವು. ಹೀಗಾಗಿ ಒಂದೇ ಹೆಸರಿಗೆ ಎರಡು ಜಾಗ: ನೀರಂಚಿನ ಹಳೆ ಊರು, ಮೇಲಿನ ಹೊಸ ಊರು. ನಕ್ಷೆಯಲ್ಲಿ ಹಳೆಯದೊಂದೇ ಇದ್ದರೆ ಕಾರು ಹಿನ್ನೀರಿನ ದಂಡೆಗೆ ಹೋಗಿ ನಿಲ್ಲುತ್ತದೆ. ಹೊಸದೊಂದೇ ಇದ್ದರೆ ಹಳೆ ಊರಿನ ಗುಡಿಗೆ ನಡೆದುಕೊಳ್ಳಲು ಹೋಗುವವರಿಗೆ ದಾರಿಯಿಲ್ಲ. ಎರಡನ್ನೂ ಬರೆದು ಯಾವುದು ಯಾವುದೆಂದು ಹೇಳಲು ಅಲ್ಲಿಯವರೇ ಆಗಬೇಕು. ಹಿನ್ನೀರು ಮಳೆಗಾಲದ ಕೊನೆಗೆ ತುಂಬಿ ಬೇಸಗೆಯಲ್ಲಿ ಇಳಿಯುವುದರಿಂದ ದಂಡೆಯ ಗೆರೆಯೂ ತಿಂಗಳು ತಿಂಗಳಿಗೆ ಬೇರೆ. ಹೆಸರುಗಳ ಗೊಂದಲ ಇನ್ನೊಂದು. ಗುಳೇದಗುಡ್ಡ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಗುಳೇದಗುಡ್ಡ ರೋಡ್ ಎಂಬ ರೈಲು ನಿಲ್ದಾಣವಿದೆ. ಊರು ಅಲ್ಲಿಂದ ದೂರದಲ್ಲಿದೆ, ಅದನ್ನು ತಿಳಿಸಲಿಕ್ಕೇ ರೈಲ್ವೆಯವರು ರೋಡ್ ಎಂಬ ಬಾಲ ಹಚ್ಚಿದ್ದು. ಬಾಲವನ್ನು ಗಮನಿಸದ ಯಂತ್ರ ರಾತ್ರಿಯ ಪ್ರಯಾಣಿಕರನ್ನು ಊರಿಗೆಂದು ಹೇಳಿ ನಿಲ್ದಾಣಕ್ಕೆ ಮುಟ್ಟಿಸೀತು. ಇನ್ನು ದಾರಿ ಹೇಳುವ ಬಗೆ. ಈ ಕಡೆ "ಮುನ್ನೂರು ಮೀಟರ್ ನಂತರ ವಾಯವ್ಯಕ್ಕೆ ತಿರುಗಿ" ಎಂದು ಯಾರೂ ಹೇಳುವುದಿಲ್ಲ. "ಹಳ್ಳ ದಾಟಿದ ಮ್ಯಾಲೆ ಅಗಸಿ ಬರ್ತೈತಿ, ಅಲ್ಲಿ ಎಡಕ್ಕ ಹೊಳ್ಳ್ರಿ" ಎನ್ನುತ್ತಾರೆ. ಅಗಸಿ, ಹನುಮಪ್ಪನ ಗುಡಿ, ಪಾದಗಟ್ಟಿ, ದೊಡ್ಡ ಬೇವಿನ ಗಿಡ, ಕ್ರಾಸು: ಇವು ಈ ಸೀಮೆಯ ಮೈಲಿಗಲ್ಲುಗಳು. ಕನ್ನಡದಲ್ಲಿ ಓದಿ ಹೇಳುವ ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶ ಇದೆ. ಅದರ ದನಿ ಇನ್ನೂ ಒರಟು. ಆದರೆ ಅದಕ್ಕೆ ಯಾವ ವಾಕ್ಯ ಕೊಡಬೇಕೆಂಬುದು ಕಟ್ಟುವವರ ಕೈಲಿದೆ. "ಹೊಳ್ಳ್ರಿ" ಎಂದು ಬರೆದುಕೊಟ್ಟರೆ ಅದು ಹಾಗೇ ಹೇಳುತ್ತದೆ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿ ತಪ್ಪಿದರೂ ನೇಯ್ಗೆಯಲ್ಲಿ ಕಾಣುತ್ತದೆ. ಉಪಗ್ರಹ ಕೊಡುವ ಅಂಕಿಗೂ ಜನ ಕೊಡುವ ಹೆಸರಿಗೂ ಬೀಳಬೇಕಾದ ಕೊಂಡಿ ಅಂಥದೇ. ಅದನ್ನು ಬೆಂಗಳೂರಿನಲ್ಲಿ ಕೂತು ಹಾಕಲಾಗದು, ಕ್ಯಾಲಿಫೋರ್ನಿಯಾದಲ್ಲಿ ಕೂತಂತೂ ಆಗದು.

ಎದುರಾಗುವ ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತಿದ್ದದ್ದೇ: ಕಿಸೆಯಲ್ಲಿ ಮೊಬೈಲು ಇರುವಾಗ ಈ ಉಸಾಬರಿ ಯಾಕೆ? ಅದರಲ್ಲೂ ಜಿಪಿಎಸ್ ಇದೆ, ನಕ್ಷೆ ಪುಕ್ಕಟೆ, ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಆ್ಯಪುಗಳೂ ಇವೆ. ಈ ಪ್ರಶ್ನೆಯ ತೂಕವನ್ನು ನಾನು ಕಡಿಮೆ ಮಾಡಲಾರೆ. ಬರೀ ದಾರಿ ತಿಳಿದುಕೊಳ್ಳಬೇಕಾದವರಿಗೆ ಮೊಬೈಲು ಸಾಕು; ಹಳೆಯ ಮೊಬೈಲೊಂದನ್ನು ಕಾರಿಗೆ ಕೂಡಿಸಿ ಅದನ್ನೇ ದಾರಿತೋರುಕ ಮಾಡಿಕೊಂಡರೆ ಅದೂ ಮನೆಯಲ್ಲಿ ಕಟ್ಟಿದ ಯಂತ್ರವೇ. ಆದರೆ ದಾರಿಯನ್ನು ತಿಳಿಯುವುದು ಒಂದು ಕೆಲಸ, ದಾರಿಯ ಸ್ಥಿತಿಯನ್ನು ತಿಳಿಸುವುದು ಇನ್ನೊಂದು. ಮೊಬೈಲಿನಲ್ಲಿ ಅದನ್ನು ತಿಳಿಸಬೇಕಾದರೆ ಕಾರು ನಿಲ್ಲಿಸಿ, ಪರದೆ ತೆರೆದು, ನಾಲ್ಕು ಕಡೆ ಒತ್ತಿ, ಪಟ್ಟಿಯಿಂದ ಆರಿಸಬೇಕು. ಮಳೆಯಲ್ಲಿ, ಕತ್ತಲಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳಿರುವಾಗ ಯಾವ ಚಾಲಕರೂ ಅದನ್ನು ಮಾಡುವುದಿಲ್ಲ. ಕಂಪ್ಯೂಟರ್ ಹಲಗೆಯ ಅಂಚಿನಲ್ಲಿ ಸಾಲಾಗಿ ತಂತಿಕಡ್ಡಿಗಳಿರುತ್ತವೆ. ಅವಕ್ಕೆ ಕೆಲವೇ ರೂಪಾಯಿಯ ಮೂರು ಒತ್ತುಗುಂಡಿಗಳನ್ನು ಜೋಡಿಸಿ ಸ್ಟೇರಿಂಗಿನ ಪಕ್ಕದಲ್ಲಿ ಕೂಡಿಸಬಹುದು. ಕೆಂಪು ಒತ್ತಿದರೆ ಹಳ್ಳ ಬಂದಿದೆ, ಹಳದಿ ಒತ್ತಿದರೆ ದಾರಿ ಕಿತ್ತಿದೆ, ಹಸಿರು ಒತ್ತಿದರೆ ದಾರಿ ತೆರೆದಿದೆ. ಒತ್ತಿದ ಕ್ಷಣದ ಅಕ್ಷಾಂಶ, ರೇಖಾಂಶ, ಗಂಟೆ, ನಿಮಿಷ ಕಾರ್ಡಿನಲ್ಲಿ ಅಚ್ಚಾಗುತ್ತವೆ. ಕಣ್ಣು ರಸ್ತೆಯ ಮೇಲೇ ಇರುತ್ತದೆ, ಬೆರಳು ತಡವಿಕೊಂಡೇ ಗುಂಡಿಯನ್ನು ಗುರುತಿಸುತ್ತದೆ. ಊರಿಗೆ ಮರಳಿದ ಮೇಲೆ ಆ ಸಾಲುಗಳನ್ನು ನೋಡಿ ನಕ್ಷೆಗೆ ಏರಿಸಿದರೆ ಒಂದು ಮಳೆಗಾಲದೊಳಗೆ ಯಾವ ಹಳ್ಳ ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬ ಚಿತ್ರ ತಾನಾಗಿ ಮೂಡುತ್ತದೆ. ಇಂಥ ಗುಂಡಿಯನ್ನು ಯಾವ ಕಂಪನಿಯೂ ಮಾಡಿ ಮಾರುವುದಿಲ್ಲ, ಏಕೆಂದರೆ ಇದು ಬೇಕಾಗಿರುವುದು ಹಳ್ಳ ಹಾಯುವ ಕಾರುಗಳಿಗೆ ಮಾತ್ರ. ಮನೆಯಲ್ಲಿ ಕಟ್ಟಬೇಕು ಎನ್ನುವುದಕ್ಕೆ ನನ್ನಲ್ಲಿರುವ ಬಲವಾದ ಕಾರಣ ಇದು.

ಎರಡನೆಯ ಆಕ್ಷೇಪ ಯಂತ್ರದ ಬಾಳಿಕೆಯದು. ಕಾರು ಎಂಬುದು ಕಂಪ್ಯೂಟರಿಗೆ ಹೇಳಿ ಮಾಡಿಸಿದ ಮನೆಯಲ್ಲ. ಸೆಲ್ಫ್ ಹೊಡೆಯುವ ಕ್ಷಣದಲ್ಲಿ 12 ವೋಲ್ಟು ಒಂಬತ್ತಕ್ಕೂ ಕೆಳಗೆ ಕುಸಿಯಬಹುದು, ಎಂಜಿನ್ ಓಡುವಾಗ ಹದಿನಾಲ್ಕಕ್ಕೆ ಏರುತ್ತದೆ. ಚಾವಿ ತಿರುಗಿಸಿದೊಡನೆ ಕರೆಂಟು ಹೋದರೆ, ಬರೆಯುತ್ತಿದ್ದ ಕಾರ್ಡಿನ ಕಡತಗಳು ಕೆಡುತ್ತವೆ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆಗಳು ಕೆಡುವುದು ಬಹಳ ಮಟ್ಟಿಗೆ ಇಲ್ಲೇ, ಆದ್ದರಿಂದ ಕಾಸು ಉಳಿಸಬಾರದ ಜಾಗವೂ ಇದೇ. ವೋಲ್ಟಿನ ಏರಿಳಿತವನ್ನು ತಾಳುವ, ಕಾರಿಗೆಂದೇ ಮಾಡಿದ ಪರಿವರ್ತಕ ಬೇಕು; ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು ಬೇಕು; ಕಾರ್ಡಿನಲ್ಲಿ ತಂತ್ರಾಂಶ ಇರುವ ಭಾಗಕ್ಕೆ ಬರೆಯಲಾಗದಂತೆ ಬೀಗ ಹಾಕಿ, ದಾಖಲೆಗೆ ಬೇರೆ ಭಾಗ ಇಡಬೇಕು; ಚಾವಿ ತೆಗೆದ ಮೇಲೂ ಅರ್ಧ ನಿಮಿಷ ಉಸಿರು ಹಿಡಿಯುವಷ್ಟು ಸಣ್ಣ ಬ್ಯಾಟರಿ ಇದ್ದರೆ ಯಂತ್ರ ಕ್ರಮವಾಗಿ ಮಲಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲು ಇನ್ನೊಂದು ಶತ್ರು. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಮುಟ್ಟಲಾರದಷ್ಟು ಕಾಯುತ್ತದೆ. ರಾಸ್ಪ್‌ಬೆರಿ ಪೈ ತನ್ನ ಚಿಪ್ಪು 80 ಡಿಗ್ರಿ ದಾಟಿದೊಡನೆ ವೇಗ ತಗ್ಗಿಸಿಕೊಳ್ಳುತ್ತದೆ. ಹಲಗೆಯನ್ನು ಸೀಟಿನ ಕೆಳಗಿಟ್ಟು ಪರದೆ ಮತ್ತು ಆಂಟೆನಾಗಳನ್ನು ಮಾತ್ರ ಮುಂದಿಟ್ಟರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಏರ್‌ಬ್ಯಾಗ್ ಇರುವ ಕಡೆ ತಂತಿ ಎಳೆಯಲೇಬಾರದು. ಬ್ರೇಕು, ಸ್ಟೇರಿಂಗುಗಳ ಗೊಡವೆಗೂ ಹೋಗಬಾರದು. ಇಷ್ಟು ಎಚ್ಚರದಿಂದ ಕಟ್ಟಿದ್ದು ಕೆಟ್ಟರೂ ಕೆಡುವುದು ಒಂದು ಭಾಗ ಮಾತ್ರ, ಕಟ್ಟಿದವರಿಗೆ ಅದು ಯಾವುದೆಂದು ಗೊತ್ತಿರುತ್ತದೆ. ಚಾಲಕರ ಗಮನ ಚದುರುತ್ತದೆ ಎನ್ನುವವರಿಗೂ ಒಂದು ಮಾತು: 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮ, ಚಾಲಕರ ಏಕಾಗ್ರತೆ ಕೆಡದಂತೆ ದಾರಿ ನೋಡಲು ಮಾತ್ರ ಕೈಯ ಮೊಬೈಲನ್ನು ಬಳಸಬಹುದು ಎನ್ನುತ್ತದೆ. ಕರೆಯೂ ಸಂದೇಶವೂ ಬಾರದ, ದಾರಿಯೊಂದನ್ನೇ ಹೇಳುವ ಪೆಟ್ಟಿಗೆ ಆ ನಿಯಮದ ಆಶಯಕ್ಕೆ ಮೊಬೈಲಿಗಿಂತ ಹತ್ತಿರವಾಗಿದೆ.

ಹೀಗೆ ಯಾರು ಬೇಕಾದರೂ ನಕ್ಷೆ ತಿದ್ದುವುದು ಸರಿಯೇ, ಕಾನೂನು ಒಪ್ಪುತ್ತದೆಯೇ ಎಂಬ ಅಳುಕು ಹಲವರಿಗಿದೆ. 2021ರ ಫೆಬ್ರುವರಿ 15ರ ಕೇಂದ್ರ ಸರ್ಕಾರದ ಮಾರ್ಗಸೂಚಿ ಭಾರತೀಯರು ನಕ್ಷೆಯ ದತ್ತಾಂಶ ಸಂಗ್ರಹಿಸಲು, ಪ್ರಕಟಿಸಲು ಮೊದಲಿದ್ದ ಅನುಮತಿಯ ಕಟ್ಟುಗಳನ್ನು ಸಡಿಲಿಸಿದೆ. ರಕ್ಷಣೆಯ ದೃಷ್ಟಿಯಿಂದ ಸೂಕ್ಷ್ಮವಾದ ಸಂಗತಿಗಳು ಮಾತ್ರ ಹೊರಗೆ. ತಪ್ಪು ತಿದ್ದುಪಡಿಯ ಭಯ ಇದಕ್ಕಿಂತ ನಿಜವಾದದ್ದು. ಒಬ್ಬರು ತಪ್ಪಾಗಿ ಒತ್ತಿದ ಹಸಿರು ಗುಂಡಿ ಇನ್ನೊಬ್ಬರನ್ನು ನೀರಿಗೆ ಕರೆದೊಯ್ಯಬಾರದು. ಆದ್ದರಿಂದ ಕೆಂಪಿಗೆ ಒಂದೇ ಸಾಕ್ಷಿ ಸಾಕು, ಹಸಿರಿಗೆ ಎರಡಾದರೂ ಬೇಕು. ಅಷ್ಟಾದ ಮೇಲೂ ನೀರು ಕಂಡರೆ ಯಂತ್ರದ ಮಾತು ಕೇಳದೆ ನಿಲ್ಲಬೇಕು.

ಊರಿನ ಚಾಲಕರಿಗೆ ದಾರಿಯೆಲ್ಲ ಬಾಯಿಪಾಠವಾಗಿರುವಾಗ ಇದು ಯಾರಿಗೆ ಎಂದು ಕೊನೆಗೆ ಕೇಳಬಹುದು. ಬಾಯಿಪಾಠಕ್ಕೂ ಗಡಿಯಿದೆ. ಹತ್ತಿರದ ಕಮತಗಿಯ ದಾರಿಯನ್ನು ಕಣ್ಣುಮುಚ್ಚಿ ಹೇಳುವವರು ಇಳಕಲ್ಲಿನಾಚೆಯ ಹಳ್ಳಿಗೆ ರಾತ್ರಿ ಖಣದ ಗಂಟು ಹೊತ್ತು ಹೋಗುವಾಗ ಪರಸ್ಥಳದವರೇ. ಐಹೊಳೆ, ಪಟ್ಟದಕಲ್ಲು ನೋಡಲು ದೂರದಿಂದ ಬರುವವರಿಗೆ ಹಳ್ಳದ ಸ್ವಭಾವ ಗೊತ್ತಿಲ್ಲ. 108ರ ಆಂಬ್ಯುಲೆನ್ಸಿನಲ್ಲಿ ಬೇರೆ ತಾಲ್ಲೂಕಿನಿಂದ ಬಂದ ಚಾಲಕರಿಗೆ ಹಳೆ ಊರು, ಹೊಸ ಊರಿನ ವ್ಯತ್ಯಾಸ ಹೇಳಿಕೊಡಲು ನಡುರಾತ್ರಿ ಯಾರೂ ಎದ್ದಿರುವುದಿಲ್ಲ. ಬಾಯಲ್ಲಿ ಮಾತ್ರ ಇರುವ ದಾರಿ ಇವರಾರಿಗೂ ಸಿಗದು. ಅದನ್ನು ಬಲ್ಲವರು ದುಡಿಮೆಗೆಂದು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದರೆ ಆ ತಿಳಿವಳಿಕೆಯೂ ಅವರ ಜೊತೆ ಹೋಗುತ್ತದೆ. ಅದನ್ನು ಬರೆದಿಡುವುದಕ್ಕೆ ಈಗ ಅವಸರವೂ ಇದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದೆ. ಅದು ಕೈಗೂಡಿದ ದಿನ ಇನ್ನಷ್ಟು ಹೊಲ, ಇನ್ನಷ್ಟು ಓಣಿ, ಇನ್ನಷ್ಟು ಬಂಡಿದಾರಿಗಳು ನೀರಿನಡಿ ಹೋಗುತ್ತವೆ, ಇನ್ನಷ್ಟು ಹೆಸರುಗಳು ದಿಬ್ಬ ಹತ್ತುತ್ತವೆ. ಹಿನ್ನೀರು ಇಳಿದಿರುವ ಬೇಸಗೆಯಲ್ಲಿ ಇಂಥದೊಂದು ಪೆಟ್ಟಿಗೆಯಿಟ್ಟುಕೊಂಡು, ಆಯಾ ಊರಿನ ಹಿರಿಯರೊಬ್ಬರನ್ನು ಪಕ್ಕದ ಸೀಟಿನಲ್ಲಿ ಕೂಡಿಸಿಕೊಂಡು, ಒಂದು ಕಾರು ಆ ದಾರಿಗಳಲ್ಲಿ ನಿಧಾನವಾಗಿ ಓಡಿದರೆ ಸಾಕು. ಅವರು ಹೆಸರು ಹೇಳುತ್ತ ಹೋದಂತೆ ಸೆಕೆಂಡಿಗೊಂದು ಸಾಲಿನಂತೆ ಅಗಸಿ, ಗುಡಿ, ಬಾವಿ, ಹೊಲದ ತಿರುವು ಕಾರ್ಡಿನಲ್ಲಿ ಇಳಿಯುತ್ತ ಹೋಗುತ್ತವೆ.